ಅಡಿಕೆ ಹಾಳೆಯ ಮುಖವಾಡ, ಕರಡದ ಅಂಗಿ: ಹ್ಯಾಲೋವೀನ್ ವೇಷವನ್ನು ಮನೆಯಲ್ಲೇ ಕಟ್ಟುವ ಬಗೆ

ಅಕ್ಟೋಬರ್ ಮುಗಿಯುತ್ತ ಬಂದಂತೆ ಮಕ್ಕಳು ಮೊಬೈಲಿನಲ್ಲಿ ಕಂಡ ಹ್ಯಾಲೋವೀನನ್ನು ಮನೆಗೆ ತಂದು, ಪ್ಲಾಸ್ಟಿಕ್ ಮುಖವಾಡ ತರಿಸಿಕೊಡಿ ಎಂದು ಹಟ ಹಿಡಿಯುತ್ತಾರೆ. ಹಣ ಕೊಟ್ಟು ತರಿಸುವ ಮೊದಲು ಒಮ್ಮೆ ಅಟ್ಟ ಹತ್ತಿ ನೋಡಬೇಕೆಂಬುದು ನನ್ನ ವಿನಂತಿ. ಶಿರಸಿಯ ಅಡಿಕೆ ತೋಟದ ಮನೆಯಲ್ಲಾಗಲಿ, ಕಾರವಾರ-ಅಂಕೋಲೆಯ ಗದ್ದೆಯಂಚಿನ ಮನೆಯಲ್ಲಾಗಲಿ, ಈ ಹಬ್ಬದ ಹಳೆಯ ಸ್ವರೂಪಕ್ಕೆ ಅಂಗಡಿಯ ಮಾಲಿಗಿಂತ ಹತ್ತಿರವಾದ ಸಾಮಗ್ರಿ ಈಗಾಗಲೇ ಇದೆ.

ಹ್ಯಾಲೋವೀನಿನ ಬೇರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗೇಲಿಕ್ ಜನರ ‘ಸೌವಿನ್’ ಎಂಬ ಆಚರಣೆಯಲ್ಲಿದೆ. ಅಕ್ಟೋಬರ್ 31ರ ಸೂರ್ಯಾಸ್ತಕ್ಕೆ ಆರಂಭವಾಗುತ್ತಿದ್ದ ಅದು ಕೊಯ್ಲಿನ ಕೊನೆ ಮತ್ತು ಚಳಿಗಾಲದ ಆರಂಭ. ಬೇಸಿಗೆಯಿಡೀ ಗುಡ್ಡದ ಮೇಲೆ ಮೇಯುತ್ತಿದ್ದ ದನಗಳನ್ನು ಕೆಳಗಿಳಿಸಿ ಕೊಟ್ಟಿಗೆಗೆ ಸೇರಿಸುವ ಹೊತ್ತು. ಆ ಸಂಧಿಯ ರಾತ್ರಿಯಲ್ಲಿ ತೀರಿಕೊಂಡವರು ಮನೆಗೆ ಬರುತ್ತಾರೆ, ದಿಬ್ಬಗಳೊಳಗಿನ ಅಗೋಚರ ಜನರೂ ಹೊರಗೆ ತಿರುಗಾಡುತ್ತಾರೆ ಎಂಬ ನಂಬಿಕೆಯಿತ್ತು. ಕ್ರೈಸ್ತ ಧರ್ಮವು 9ನೆಯ ಶತಮಾನದ ಹೊತ್ತಿಗೆ ನವೆಂಬರ್ 1ನ್ನು ಸಕಲ ಸಂತರ ದಿನವಾಗಿ ಆಚರಿಸತೊಡಗಿದ್ದರಿಂದ, ಅದರ ಹಿಂದಿನ ಸಂಜೆಗೆ ‘ಆಲ್ ಹ್ಯಾಲೋಸ್ ಈವ್’ ಎಂಬ ಹೆಸರು ಬಂದು ಅದೇ ಹ್ಯಾಲೋವೀನ್ ಆಯಿತು. ವೇಷ ತೊಟ್ಟು ಮನೆಮನೆಗೆ ಹೋಗುವ ಪದ್ಧತಿಯ ದಾಖಲೆ ಸ್ಕಾಟ್ಲೆಂಡಿನಲ್ಲಿ ಸಿಗುವುದು 16ನೆಯ ಶತಮಾನದಿಂದ ಈಚೆಗೆ. ಆದ್ದರಿಂದ ಇಂದಿನ ವೇಷಗಳೆಲ್ಲ ಎರಡು ಸಾವಿರ ವರ್ಷ ಹಳೆಯವೆಂದು ಮಕ್ಕಳಿಗೆ ಹೇಳಿಕೊಡುವುದು ಸರಿಯಲ್ಲ.

ವೇಷ ಕಟ್ಟುವವರು ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ವೇಷದ ಉದ್ದೇಶ ತಿರುಗಾಡುವ ಆತ್ಮಗಳ ನಡುವೆ ತನ್ನ ಗುರುತು ಸಿಗದಂತೆ ಮರೆಯಾಗುವುದು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ‘ಸ್ಕೆಕ್ಲರ್’ ಎಂಬವರು ತಲೆಯಿಂದ ಕಾಲಿನವರೆಗೆ ಹುಲ್ಲಿನ ಉಡುಪು ತೊಟ್ಟು, ಮುಖಕ್ಕೆ ಬಟ್ಟೆ ಮುಚ್ಚಿ, ದನಿ ಗುರುತಾಗಬಾರದೆಂದು ಉಸಿರನ್ನು ಒಳಗೆಳೆದುಕೊಳ್ಳುತ್ತ ಮಾತಾಡುತ್ತಿದ್ದರು. ನಿಮ್ಮ ಮಗುವಿನ ವೇಷವೂ ಪಕ್ಕದ ಮನೆಯವರಿಗೆ ಗುರುತು ಸಿಗದಂತಿದ್ದರೆ ಅದು ಗೆದ್ದಂತೆ.

ಮುಖವಾಡಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯ ವಸ್ತುವನ್ನು ನಾನು ಕಂಡಿಲ್ಲ. ಬೂಷ್ಟು ಹಿಡಿಯದ, ಸೀಳು ಬೀಳದ ಅಗಲವಾದ ಹಾಳೆಯನ್ನು ಆರಿಸಿ, ಬಾಗಿಸಿದರೆ ಮುರಿಯದಷ್ಟು ಮೆತ್ತಗಾಗುವವರೆಗೆ ನೀರಿನಲ್ಲಿ ನೆನೆಹಾಕಬೇಕು. ಹಾಳೆಯ ನಾರು ಉದ್ದಕ್ಕೆ ಸಾಗುತ್ತದೆ, ಒಣಗುವಾಗ ಅದು ಅಡ್ಡಕ್ಕೆ ಸುರುಳಿಯಾಗುತ್ತದೆ. ಆದ್ದರಿಂದ ನಾರು ಹಣೆಯಿಂದ ಗಲ್ಲದ ಕಡೆಗೆ ಬರುವಂತೆ ಕತ್ತರಿಸಿದರೆ, ನಾವು ಏನೂ ಮಾಡದೆಯೇ ಅದು ಎರಡೂ ಕೆನ್ನೆಗಳನ್ನು ಬಳಸಿ ಕೂರುತ್ತದೆ. ಅಡ್ಡಡ್ಡ ಕತ್ತರಿಸಿದರೆ ಮುಖವಾಡ ಹಣೆಯಲ್ಲೂ ಗಲ್ಲದಲ್ಲೂ ಮಡಚಿಕೊಂಡು ಮೂಗಿಗೆ ಒತ್ತುತ್ತದೆ. ಕಣ್ಣಿನ ತೂತನ್ನು ನೇರವಾಗಿ ಕತ್ತರಿಯಿಂದ ತೆಗೆಯಹೋದರೆ ನಾರಿನ ಗುಂಟ ಸೀಳು ಓಡುತ್ತದೆ. ಕಾಯಿಸಿದ ಮೊಳೆಯಿಂದ ಹಿರಿಯರೇ ಮೊದಲು ಚಿಕ್ಕ ತೂತು ಮಾಡಿ, ಆಮೇಲೆ ಸಣ್ಣ ಚಾಕುವಿನಿಂದ ದುಂಡಗೆ ಹಿಗ್ಗಿಸಬೇಕು. ದಾರ ಕಟ್ಟುವ ಕಡೆ ಒಳಮೈಗೆ ಹಳೆಯ ಬಟ್ಟೆಯ ತುಂಡನ್ನು ಹೊಲಿದರೆ ಅಂಚು ಹರಿಯುವುದಿಲ್ಲ. ಅನಂತರ ಅದನ್ನು ತಾಮ್ರದ ಕೊಡದ ಹೊಟ್ಟೆಗೆ ಬಟ್ಟೆಯಿಂದ ಬಿಗಿದು ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ.

ಬಣ್ಣಕ್ಕೆ ಗೋಡೆಯ ಚಿತ್ತಾರಕ್ಕೆ ಬಳಸುವ ಶೇಡಿ (ಬಿಳಿಯ ಮಣ್ಣು) ಮತ್ತು ಕೆಮ್ಮಣ್ಣು ಸಾಕು. ಕಪ್ಪಿಗೆ ಇದ್ದಿಲಿನ ಪುಡಿಯನ್ನು ಗಂಜಿಯಲ್ಲಿ ಕಲಸಬೇಕು, ಎಣ್ಣೆಯಲ್ಲಿ ಕಲಸಿದರೆ ಒಣಗದೆ ಅಂಗಿಗೆಲ್ಲ ಮೆತ್ತಿಕೊಳ್ಳುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು ಬಲು ಚೆನ್ನಾಗಿ ಕಾಣುತ್ತದೆ, ಆದರೆ ಅದನ್ನು ಹಾಳೆಗೆ ಮಾತ್ರ ಬಳಿಯಬೇಕು, ಮಕ್ಕಳ ಚರ್ಮಕ್ಕಲ್ಲ.

ಮೈಗೆ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಬೆಳೆದ ಕರಡವೆಂಬ ಉದ್ದ ಹುಲ್ಲು ಒದಗುತ್ತದೆ, ಇಲ್ಲವಾದರೆ ಕಳೆದ ವರ್ಷದ ಭತ್ತದ ಹುಲ್ಲು. ಹಳೆಯ ಹುಲ್ಲಿಗೆ ಹಿಂದಿನ ರಾತ್ರಿಯೇ ನೀರು ಚಿಮುಕಿಸಿಟ್ಟರೆ ಮುರಿಯುವುದಿಲ್ಲ. ಹಿಡಿಯಷ್ಟು ಹುಲ್ಲನ್ನು ನಡುವಿಗೆ ಮಡಚಿ ಕತ್ತದ ಹಗ್ಗಕ್ಕೆ ಒತ್ತಾಗಿ ಬಿಗಿಯುತ್ತ ಹೋಗಿ, ಒಂದು ಸಾಲನ್ನು ಸೊಂಟಕ್ಕೂ ಇನ್ನೊಂದನ್ನು ಹೆಗಲಿಗೂ ಕಟ್ಟಿದರೆ ಉಡುಪು ಮುಗಿಯಿತು. ಕರಡದ ಅಂಚು ಕೊಯ್ಯುವುದರಿಂದ ಒಳಗೆ ತುಂಬು ತೋಳಿನ ಅಂಗಿ ಇರಲೇಬೇಕು. ಶಿರಸಿಯ ಬೇಡರ ವೇಷದಲ್ಲಿ ಬೆನ್ನಿನ ಮೇಲೆ ನವಿಲುಗರಿಯ ಭಾರ ಹೊತ್ತು ಕುಣಿಯುವವರನ್ನು ಕಂಡವರಿಗೆ ಗೊತ್ತಿರುವಂತೆ, ಭಾರವೆಲ್ಲ ಹೆಗಲು ಮತ್ತು ಸೊಂಟದ ಮೇಲೆ ನಿಲ್ಲಬೇಕು, ಕುತ್ತಿಗೆಯ ಮೇಲಲ್ಲ.

ದೀಪದ ವಿಚಾರ. ಐರ್ಲೆಂಡ್, ಸ್ಕಾಟ್ಲೆಂಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪ ಮಾಡುತ್ತಿದ್ದರು. ಅಲ್ಲಿಂದ ವಲಸೆ ಹೋದವರಿಗೆ ಅಮೆರಿಕದಲ್ಲಿ ಕುಂಬಳ ಹೇರಳವಾಗಿ ಸಿಕ್ಕಿದ್ದರಿಂದ ಈಗಿನ ರೂಪ ಬಂತು. ನಮಗೆ ಅಟ್ಟದಲ್ಲಿ ಬಾಳೆನಾರಿನಿಂದ ತೂಗುಹಾಕಿದ ಮೊಗೆಕಾಯಿ (ಮಂಗಳೂರು ಸೌತೆ) ಸಾಕು. ತೊಟ್ಟಿನ ಕಡೆ ಮುಚ್ಚಳದಂತೆ ಕತ್ತರಿಸಿ, ಗೋಡೆ ಒಂದು ಬೆರಳಿನಷ್ಟು ದಪ್ಪ ಉಳಿಯುವಂತೆ ತಿರುಳು ತೆಗೆದು, ಕಣ್ಣು ಬಾಯಿ ಕೊರೆದು, ಹೊಗೆ ಹೋಗಲು ಮುಚ್ಚಳಕ್ಕೂ ತೂತು ಮಾಡಬೇಕು. ತಿರುಳು ಹುಳಿಗಾಗುತ್ತದೆ, ಬೀಜವನ್ನು ತೊಳೆದು ಒಣಗಿಸಿಟ್ಟರೆ ಮುಂದಿನ ಬಿತ್ತನೆಗಾಗುತ್ತದೆ. ಹುಲ್ಲಿನ ವೇಷ ತೊಟ್ಟವರ ಕೈಗೆ ಮಾತ್ರ ಯಾವ ಕಾರಣಕ್ಕೂ ಬೆಂಕಿಯ ದೀಪ ಕೊಡಬಾರದು. ಒಂದು ಕಿಡಿ ಸಾಕು. ಅವರ ಮೊಗೆಕಾಯಿಯಲ್ಲಿ ಚಿಕ್ಕ ಬ್ಯಾಟರಿ ದೀಪವಿರಲಿ, ಮೇಣದಬತ್ತಿಯ ದೀಪ ಜಗುಲಿಯ ಮೇಲೆಯೇ ಉಳಿಯಲಿ.

ಸ್ಕಾಟ್ಲೆಂಡಿನ ಮಕ್ಕಳು ಬಾಗಿಲಿಗೆ ಬಂದು ಬರಿದೆ ಕೈಚಾಚುತ್ತಿರಲಿಲ್ಲ. ಹಾಡೋ ಪದ್ಯವೋ ಹೇಳಿ ಹಣ್ಣು, ಕಾಯಿಬೀಜ ಪಡೆಯುತ್ತಿದ್ದರು. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಬಿಂಗಿ ಪದದ ತಂಡವನ್ನು ಕಂಡ ಸಿದ್ದಾಪುರ, ಶಿರಸಿಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಗುವಿಗೆ ಒಂದು ಪದವನ್ನಾದರೂ ಬಾಯಿಪಾಠ ಮಾಡಿಸಿ. ಊರಿನ ಚೌಡಿ, ಭೂತಗಳ ರೂಪವನ್ನು ವೇಷವಾಗಿಸಬೇಡಿ, ಅವು ಪೂಜೆಗೊಳ್ಳುವ ದೈವಗಳು. ಕಾರವಾರದಲ್ಲಿ ಸ್ಮಶಾನದ ಆಸುಪಾಸಿಗೆ ಮಕ್ಕಳನ್ನು ಕಳಿಸುವುದೂ ಬೇಡ. ನವೆಂಬರ್ 2 ಕ್ರೈಸ್ತ ಕುಟುಂಬಗಳು ತಮ್ಮ ಹಿರಿಯರ ಸಮಾಧಿಗೆ ಮೇಣದಬತ್ತಿ ಹಚ್ಚುವ ದಿನ.

ಮರುದಿನ ಹುಲ್ಲನ್ನು ಹಗ್ಗದಿಂದ ಬಿಚ್ಚಿ ಕೊಟ್ಟಿಗೆಗೆ ಹಾಸಬಹುದು. ಮೊಗೆಕಾಯಿ ಕರಾವಳಿಯ ಸೆಕೆಗೆ ಎರಡು ದಿನಕ್ಕಿಂತ ಹೆಚ್ಚು ತಾಳುವುದಿಲ್ಲವಾದ್ದರಿಂದ ಅದನ್ನು ಗೊಬ್ಬರಗುಂಡಿಗೆ ಹಾಕಿ. ಹಾಳೆಯ ಮುಖವಾಡವನ್ನು ಕಾಗದದಲ್ಲಿ ಸುತ್ತಿ ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿಟ್ಟರೆ ಮುಂದಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಿಲ್ಲ.