ರಕ್ತ ಹಾಕಿಸಿಕೊಳ್ಳುವ ಮಕ್ಕಳ ಸೂಜಿಭಯ: ನಮ್ಮ ವಾರ್ಡಿನಲ್ಲಿ ಫಲಿಸಿದ ಕ್ರಮ

ಹುಟ್ಟಿನಿಂದಲೇ ಬರುವ, ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳಬೇಕಾದ ಥಲಸ್ಸೇಮಿಯಾ ರೋಗದ ಮಕ್ಕಳಿಗೆ ಸೂಜಿ ಚುಚ್ಚಲು ನಾಲ್ಕು ಜನ ಹಿಡಿದುಕೊಳ್ಳಬೇಕಾಗಿಲ್ಲ ಎಂದು ಮನಶ್ಶಾಸ್ತ್ರಜ್ಞೆಯಾದ ನಾನು ಮೊದಲ ಸಲ ಹೇಳಿದಾಗ ನಮ್ಮ ಜಿಲ್ಲಾಸ್ಪತ್ರೆಯ ಡೇ ಕೇರ್ ವಾರ್ಡಿನಲ್ಲಿ ಯಾರೂ ವಾದಕ್ಕೂ ಬರಲಿಲ್ಲ. ನಕ್ಕು ತಮ್ಮ ತಮ್ಮ ಕೆಲಸಕ್ಕೆ ಹೋದರು. ಈಗ ಅದೇ ವಾರ್ಡಿನಲ್ಲಿ ಎರಡು ವರ್ಷ ದಾಟಿದ ಬಹುಪಾಲು ಮಕ್ಕಳು ತಾಯಿಯ ತೊಡೆಯ ಮೇಲೆ ಕುಳಿತೇ ಕ್ಯಾನ್ಯುಲಾ (ರಕ್ತನಾಳದೊಳಗೆ ಇಡುವ ತೆಳು ಕೊಳವೆ) ಹಾಕಿಸಿಕೊಳ್ಳುತ್ತಾರೆ, ಪಕ್ಕದ ಜಿಲ್ಲೆಯವರು ಬಂದು ನೋಡಿಕೊಂಡು ಹೋಗುತ್ತಾರೆ. ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, ಮಕ್ಕಳಿಗೆ ಏನು ಕೌನ್ಸೆಲಿಂಗ್ ಮಾಡುತ್ತೀರಿ ಎಂಬುದು. ಮಕ್ಕಳಿಗೆ ನಾನು ಮಾಡುವುದು ಬಹಳ ಕಡಿಮೆ. ತಾಯಿಯ ಮಾತು, ಸಿಸ್ಟರ್ ಅವರ ಸಮಯ ಮತ್ತು ಒಂದು ಮರದ ಬೆಂಚು, ಈ ಮೂರನ್ನು ಸರಿಪಡಿಸಲು ಸುಮಾರು ಮೂರು ವರ್ಷ ಹಿಡಿಯಿತು.

ನಮ್ಮಲ್ಲಿ ನೋಂದಾಯಿತರಾದ ಮಕ್ಕಳು ಸುಮಾರು 60. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಸೇರಿದ ಮೇಲೆ ಕಾರ್ಡಿನ ಸಲುವಾಗಿಯಾದರೂ ಹೆಸರು ಬರೆಸುವವರು ಹೆಚ್ಚಾದರು. ಹಿಮೋಗ್ಲೋಬಿನ್ 9ರ ಕೆಳಗೆ ಇಳಿಯಬಾರದೆಂದರೆ ಒಂದು ಮಗು ಮೂರು ವಾರಕ್ಕೊಮ್ಮೆ ಬರಬೇಕು. ಹಿಂದೆ ಪ್ರತಿ ಸಲವೂ, ದಾನಿಯ ರಕ್ತ ಮಗುವಿಗೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚಿಗೆ ಒಮ್ಮೆ, ರಕ್ತ ಏರಿಸಲು ಮತ್ತೊಮ್ಮೆ ಚುಚ್ಚುತ್ತಿದ್ದರು; ನಾಳ ಸಿಗದಿದ್ದರೆ ಅದಕ್ಕೆ ಲೆಕ್ಕವಿರಲಿಲ್ಲ. ಹತ್ತು ವರ್ಷದ ಹುಡುಗನಿಗೆ ಆ ಹೊತ್ತಿಗೆ ಕಡಿಮೆಯೆಂದರೂ 300 ಸಲ ಸೂಜಿ ಬಿದ್ದಿರುತ್ತದೆ. ಅಷ್ಟಾದ ಮೇಲೂ ಅವನಿಗೆ ಅಭ್ಯಾಸವಾಗಿಲ್ಲವೇಕೆ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಹಿಡಿದು, ಮಲಗಿಸಿ, ಕಿರುಚಾಟದ ನಡುವೆ ಹಾಕಿದ 300 ಸೂಜಿಗಳು ಮಗುವಿಗೆ ಕಲಿಸುವುದು ಭಯವನ್ನೇ.

ಮೊದಮೊದಲು ನಾನು ಮಾಡಿದ್ದೆಲ್ಲ ವ್ಯರ್ಥವಾಯಿತು. ಮಗುವನ್ನೂ ತಾಯಿಯನ್ನೂ ನನ್ನ ಕೊಠಡಿಗೆ ಕರೆಸಿ ಮಾತನಾಡುವ ಕ್ರಮ ತಿಂಗಳೊಪ್ಪತ್ತಿನಲ್ಲಿ ನಿಂತುಹೋಯಿತು. ರಕ್ತನಿಧಿಯ ಸಾಲಿನಲ್ಲಿ ನಿಂತು ಬಾಟಲಿಯ ಚೀಟಿ ಹಿಡಿದು ಓಡಾಡುವ ತಾಯಿ ಮೇಲಿನ ಮಹಡಿಗೆ ಬಂದು ಅರ್ಧ ಗಂಟೆ ಕೂರಲಾರಳು. ಆಮೇಲೆ ದಾನಿಯೊಬ್ಬರಿಂದ 9 ಸಾವಿರದ ಒಂದು ಟ್ಯಾಬ್ ಕೊಡಿಸಿಕೊಂಡು ಕಾರ್ಟೂನ್ ತೋರಿಸಲು ಶುರುಮಾಡಿದೆವು. ಮೊದಲ ತಿಂಗಳು ಎಲ್ಲರೂ ಹೊಗಳಿದರು. ಮೂರನೆಯ ತಿಂಗಳ ಹೊತ್ತಿಗೆ ಐದು ವರ್ಷದ ಹುಡುಗನೊಬ್ಬ ಕಾರ್ಟೂನಿನ ಆರಂಭದ ಸಂಗೀತ ಕೇಳಿದ ಕೂಡಲೇ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಳತೊಡಗಿದ. ಮನೆಯಲ್ಲಿ ಟಿವಿಯಲ್ಲಿ ಅದು ಬಂದರೂ ಎದ್ದು ಹೊರಗೆ ಓಡುತ್ತಾನೆಂದು ಅಜ್ಜಿ ದೂರು ತಂದರು. ಗಮನ ಬೇರೆಡೆ ಸೆಳೆಯುವುದು ತಪ್ಪು ಉಪಾಯವೇನಲ್ಲ, ಆದರೆ ಮಗುವಿಗೆ ಹೇಳದೆ, ಕಣ್ಣು ತಪ್ಪಿಸಿ ಚುಚ್ಚಲು ಅದನ್ನು ಬಳಸಿದರೆ ಆ ಕಾರ್ಟೂನೇ ಸೂಜಿಯ ಮುನ್ಸೂಚನೆಯಾಗುತ್ತದೆ. ಟ್ಯಾಬ್ ಈಗ ರಕ್ತ ಏರುವ ಮೂರು ಗಂಟೆಯ ಬೇಸರಕ್ಕೆ ಮಾತ್ರ.

ಬಹುಮಾನದ ಕಥೆಯೂ ಹೀಗೆಯೇ. ಅಳದ ಮಗುವಿಗೆ 50 ರೂಪಾಯಿಯ ಆಟಿಕೆ ಎಂದು ಸಾರಿದ್ದರಿಂದ, ತಡೆಯಲಾಗದೆ ಅತ್ತ ಮಗುವಿಗೆ ನೋವಿನ ಜೊತೆಗೆ ಸೋಲೂ ಸೇರಿತು. ಖರ್ಚು ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಬಂತು, ಜೊತೆಗೆ ಬಂದ ಅಣ್ಣತಮ್ಮಂದಿರ ಜಗಳ ಬೇರೆ. ಈಗ ಕೈಯನ್ನು ಅಲುಗಿಸದೆ ಇಟ್ಟಿದ್ದಕ್ಕೆ ಒಂದು ಸ್ಟಿಕ್ಕರ್ ಕೊಡುತ್ತೇವೆ. ಅಳು ಎಷ್ಟು ಬಂದರೂ ಬರಲಿ.

ದಾರಿ ತೋರಿದ್ದು ಒಂದು ಹಳೆಯ ಸಂಶೋಧನೆ. ರೊನಾಲ್ಡ್ ಬ್ಲೌಂಟ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳ ಅಸ್ಥಿಮಜ್ಜೆ ತೆಗೆಯುವಾಗ ಕೊಠಡಿಯಲ್ಲಿದ್ದ ದೊಡ್ಡವರು ಆಡಿದ ಪ್ರತಿಯೊಂದು ಮಾತನ್ನೂ ವಿಂಗಡಿಸಿ ನೋಡಿದ್ದರು. ದೊಡ್ಡವರು ಸಮಾಧಾನ ಹೇಳಿದಷ್ಟೂ ಮಕ್ಕಳ ಸಂಕಟ ಹೆಚ್ಚುತ್ತಿತ್ತು, ಏನು ಮಾಡಬೇಕೆಂದು ಹೇಳಿಕೊಟ್ಟಾಗ ಕಡಿಮೆಯಾಗುತ್ತಿತ್ತು. ಓದಿದಾಗ ಅಷ್ಟಾಗಿ ನಂಬಿರಲಿಲ್ಲ. ನಮ್ಮ ವಾರ್ಡಿನ ಮೂಲೆಯಲ್ಲಿ ನಿಂತು ತಾಯಂದಿರ ಮಾತನ್ನು ಬರೆದುಕೊಳ್ಳುತ್ತಾ ಹೋದಂತೆ ನಂಬಿಕೆ ಬಂತು. ‘ಏನೂ ಆಗಂಗಿಲ್ಲ ನನ್ನಪ್ಪಾ’, ‘ಇರುವಿ ಕಚ್ಚಿದಂಗ ಅಷ್ಟ’, ‘ಅಳಬ್ಯಾಡ, ಸಿಸ್ಟರ್ ಬೈತಾರ’, ಕೊನೆಗೆ ‘ಮುಗೀತು ಮುಗೀತು’. ಮುಗಿದಿರುವುದಿಲ್ಲ, ಮಗುವಿಗೂ ಅದು ಗೊತ್ತು. ಅವ್ವನ ಧ್ವನಿ ನಡುಗಿದೆಯೆಂದರೆ ಏನೋ ಆಗುವುದಿದೆ ಎಂದು ಮಗು ಲೆಕ್ಕ ಹಾಕುತ್ತದೆ.

ಬಾಯಿ ಮುಚ್ಚಿಕೊಂಡಿರಿ ಎಂದು ತಾಯಿಗೆ ಹೇಳಿ ನೋಡಿದೆ, ಆಗಲಿಲ್ಲ, ಆಗುವುದೂ ಇಲ್ಲ. ಬಾಯಿಗೆ ಬೇರೆ ಕೆಲಸ ಕೊಡಬೇಕು. ಹತ್ತು ರೂಪಾಯಿಯ ಸಾಬೂನಿನ ಗುಳ್ಳೆಯ ಡಬ್ಬಿಯನ್ನು ತಾಯಿಯ ಕೈಗೆ ಕೊಟ್ಟು, ಮಗುವಿಗೆ ಒಂದೇ ಮಾತು ಹೇಳಲು ಕಲಿಸಿದೆ: ‘ಸಾವಕಾಶ ಊದು.’ ಗುಳ್ಳೆ ಒಡೆಯದೆ ಹೊರಬರಬೇಕಾದರೆ ಉಸಿರು ನಿಧಾನವಾಗಿಯೇ ಬಿಡಬೇಕು. ದೀರ್ಘ ಉಸಿರಾಟದ ಪಾಠವನ್ನು ನಾಲ್ಕು ವರ್ಷದ ಮಗುವಿಗೆ ಬೇರೆ ಯಾವ ರೀತಿಯಲ್ಲಿಯೂ ನಾನು ಕಲಿಸಿಲ್ಲ. ನೋವಾಗುತ್ತದೆಯೇ ಎಂದು ಮಗು ಕೇಳಿದರೆ, ಹೌದು, ಸ್ವಲ್ಪ ಹೊತ್ತು ಆಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ ಎಂದು ನಿಜವನ್ನೇ ಹೇಳಬೇಕೆಂದು ತಾಯಂದಿರನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಒಬ್ಬ ಅಜ್ಜಿ ನನ್ನನ್ನು ನೇರವಾಗಿ ಕೇಳಿದರು: ‘ಅಕ್ಕಾರ, ಕೂಸಿಗೆ ಧೈರ್ಯಾ ಹೇಳೂದು ಬಿಟ್ಟು ಅಂಜಸೂದೇನ್ರಿ?’

ಎರಡನೆಯದು ಕೂರುವ ಭಂಗಿ. ಮಗುವನ್ನು ಅಂಗಾತ ಮಲಗಿಸಿ ಒಬ್ಬರು ಭುಜ, ಒಬ್ಬರು ಮೊಣಕಾಲು ಅದುಮಿದರೆ ಯಾವ ಮಗುವೂ ಒದೆಯುತ್ತದೆ. ತಾಯಿಯ ಎದೆಗೆ ಎದೆ ತಾಗಿಸಿ, ಕಾಲುಗಳನ್ನು ಆಕೆಯ ಸೊಂಟದ ಎರಡೂ ಬದಿಗೆ ಬಿಟ್ಟು ಕೂರಿಸಿ, ಒಂದು ಕೈಯನ್ನು ಮಾತ್ರ ಪಕ್ಕದ ಹಲಗೆಯ ಮೇಲೆ ಚಾಚಿದರೆ ಹಿಡಿತ ಅಪ್ಪುಗೆಯೊಳಗೇ ಆಗಿಹೋಗುತ್ತದೆ. ಇದಕ್ಕೆ ಕುರ್ಚಿ ಒಗ್ಗುವುದಿಲ್ಲ, ಮಂಚ ಎತ್ತರವಾಗುತ್ತದೆ. ಊರಿನ ಬಡಗಿಯಿಂದ ಮೂರೂವರೆ ಸಾವಿರಕ್ಕೆ ಬೆನ್ನಾನಿಕೆಯಿಲ್ಲದ ತಗ್ಗಿನ ಬೆಂಚು ಮತ್ತು ಅದರ ಬದಿಗೆ ತಿರುಗಿಸಬಹುದಾದ ಕೈಹಲಗೆ ಮಾಡಿಸಿದೆ. ಅರ್ಧ ಹಣ ನನ್ನದು. ಅದನ್ನು ವಾರ್ಡಿನೊಳಗೆ ತರಲು ಕಚೇರಿಯ ಒಪ್ಪಿಗೆಯನ್ನು ಹೇಗೆ ಪಡೆದೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಸೂಜಿ ಆ ಬೆಂಚಿನ ಮೇಲೆ ಮಾತ್ರ. ಮಂಚದ ಮೇಲೆ, ಆಟದ ಚಾಪೆಯ ಮೇಲೆ ಯಾರೂ ಚುಚ್ಚಕೂಡದು ಎಂಬ ನಿಯಮವನ್ನು ರಾತ್ರಿ ಪಾಳಿಯವರೂ ಪಾಲಿಸುವಂತಾದ ಮೇಲೆ, ಮಂಚ ಕಂಡರೇ ಅಳುತ್ತಿದ್ದ ಮಕ್ಕಳು ಅಲ್ಲಿ ಮಲಗಿ ನಿದ್ದೆ ಮಾಡತೊಡಗಿದರು.

ನಾಳ ಹುಡುಕುವುದರಲ್ಲಿ ನಮ್ಮಲ್ಲೇ ಎತ್ತಿದ ಕೈ ಎನಿಸಿಕೊಂಡ ಹಿರಿಯ ಸಿಸ್ಟರ್ ಇದಕ್ಕೆ ಒಪ್ಪಲಿಲ್ಲ. ‘ಮೇಡಂ, ಕೂತ ಮಗುವಿನ ನಾಳ ಸಿಗಂಗಿಲ್ಲ, ನೀವು ಚುಚ್ಚಿ ನೋಡ್ರಿ’ ಎಂದರು. ಅವರ ಮಾತಿನಲ್ಲಿ ಹುರುಳಿತ್ತು, ಏಕೆಂದರೆ ಅದೇ ಸಮಯದಲ್ಲಿ ನಾನು ತಂದಿದ್ದ ಮರಗಟ್ಟಿಸುವ ಮುಲಾಮು ಅವರ ಕೆಲಸವನ್ನು ಇನ್ನಷ್ಟು ಕೆಡಿಸಿತ್ತು. ಲಿಡೋಕೇನ್ ಮತ್ತು ಪ್ರಿಲೋಕೇನ್ ಸೇರಿದ ಆ ಕ್ರೀಮು ಚರ್ಮವನ್ನು ಬಿಳಿಚಿಸಿ ನಾಳವನ್ನು ಮುದುಡಿಸುತ್ತದೆ. ಒರೆಸಿದ ಕೂಡಲೇ ಚುಚ್ಚಿದರೆ ನೋವಾಗದಿದ್ದರೂ ನಾಳ ಸಿಗುವುದಿಲ್ಲ. ನಾಳ ಸಿಗದೆ ಎರಡನೆಯ ಸಲ ಚುಚ್ಚಿದ ಮೇಲೆ ಮುಲಾಮಿನಿಂದೇನು ಲಾಭ? ಒರೆಸಿ ಹದಿನೈದು ನಿಮಿಷ ಬಿಟ್ಟು, ಕೈಯನ್ನು ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಇಡಿಸಿದರೆ ನಾಳ ಮತ್ತೆ ಎದ್ದು ಕಾಣುತ್ತದೆ. ಮರಗಟ್ಟುವಿಕೆ ಅಷ್ಟರಲ್ಲಿ ಇಳಿಯುವುದಿಲ್ಲ. ಇದನ್ನು ಅವರೇ ನಾಲ್ಕೈದು ಮಕ್ಕಳ ಮೇಲೆ ಮಾಡಿ ನೋಡಿದ ಮೇಲೆ ಒಂದು ಒಪ್ಪಂದಕ್ಕೆ ಬಂದರು: ಕೂರಿಸಿಕೊಂಡು ಎರಡು ಸಲ ನೋಡುವುದು, ಆಗದಿದ್ದರೆ ಕೈ ಬದಲಿಸದೆ ಆಳು ಬದಲಿಸುವುದು. ಆ ‘ಎರಡು ಸಲ’ದ ನಿಯಮ ಅವರದೇ, ನನ್ನದಲ್ಲ, ಮತ್ತು ಇಡೀ ಕ್ರಮದಲ್ಲಿ ಅದೇ ಅತ್ಯಂತ ಗಟ್ಟಿಯಾದದ್ದು.

ಮುಲಾಮಿನ ದೊಡ್ಡ ತೊಡಕು ಒಂದು ಗಂಟೆ ಕಾಯಬೇಕಾದದ್ದು. ವಾರ್ಡಿಗೆ ಬಂದ ಮೇಲೆ ಹಚ್ಚಿದರೆ ಎಲ್ಲ ಕೆಲಸವೂ ಒಂದು ಗಂಟೆ ಹಿಂದೆ ಬೀಳುತ್ತದೆ, ಕೊನೆಯ ಬಸ್ಸು ತಪ್ಪುತ್ತದೆ. ಆದ್ದರಿಂದ ಬಸ್ಸಿನಲ್ಲೇ ಹಚ್ಚಿಸತೊಡಗಿದೆ. ಯಾವ ಊರಿನ ತಾಯಿ ಯಾವ ನಿಲ್ದಾಣ ದಾಟುವಾಗ ಟ್ಯೂಬ್ ತೆಗೆಯಬೇಕೆಂದು ಅವರವರ ಚೀಟಿಯಲ್ಲಿ ಬರೆದುಕೊಟ್ಟೆ. ಹಿಂದಿನ ಸಲ ನಾಳ ಸಿಕ್ಕ ಜಾಗವನ್ನು ಸಿಸ್ಟರ್ ಪೆನ್ನಿನಿಂದ ಗುರುತಿಸಿ ತಾಯಿಗೆ ತೋರಿಸುತ್ತಾರೆ. ಆ ಜಾಗಕ್ಕೂ ಇನ್ನೊಂದು ಕೈಯ ಒಂದು ಜಾಗಕ್ಕೂ ಉಜ್ಜದೆ ದಪ್ಪನಾಗಿ ಹಚ್ಚಿ ಮೇಲೆ ಮುಚ್ಚಬೇಕು. ಆಸ್ಪತ್ರೆಯ ಪಾರದರ್ಶಕ ಪಟ್ಟಿ ದುಬಾರಿ. ಅಡುಗೆಮನೆಯಲ್ಲಿ ತಟ್ಟೆ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆಯ ಒಂದು ಸುರುಳಿ ನಮಗೆ ತಿಂಗಳುಗಟ್ಟಲೆ ಬರುತ್ತದೆ, ತೆಗೆಯುವಾಗ ರೋಮ ಕಿತ್ತು ಅಳಿಸುವುದೂ ಇಲ್ಲ. ಕಾಲುಚೀಲದ ತುದಿ ಕತ್ತರಿಸಿ ಅದರ ಮೇಲೆ ತೊಡಿಸಿದರೆ ಮಗು ಮುಲಾಮನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ. ಒಂದು ವರ್ಷದೊಳಗಿನ ಕೂಸುಗಳಿಗೂ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೂ ಪ್ರಿಲೋಕೇನ್ ಅಪಾಯವಾಗಬಹುದು, ಆದ್ದರಿಂದ ಮಕ್ಕಳ ತಜ್ಞರು ಹೆಸರು ಹೆಸರಾಗಿ ಸಹಿ ಮಾಡಿದ ಮೇಲೆಯೇ ಟ್ಯೂಬ್ ಮನೆಗೆ ಹೋಗುತ್ತದೆ.

ಹಣದ ಲೆಕ್ಕ ಹೀಗಿದೆ. ತಿಂಗಳಿಗೆ ಎಂಬತ್ತು ತೊಂಬತ್ತು ಭೇಟಿಗಳಿಗೆ 30 ಗ್ರಾಮಿನ ಏಳೆಂಟು ಟ್ಯೂಬ್ ಬೇಕು. ನೆನಪಿನಿಂದ ಹೇಳುವುದಾದರೆ ಎರಡೂವರೆಯಿಂದ ಮೂರು ಸಾವಿರ. ಮೊದಲ ಆರು ತಿಂಗಳು ಕೇಳಿದವರೆಲ್ಲ, ಸಾಯುವ ರೋಗಕ್ಕೆ ರಕ್ತವಿಲ್ಲದಾಗ ಚುಚ್ಚುವ ನೋವಿಗೆ ಹಣವೇ ಎಂದರು. ಆಟಿಕೆಗೆ ಹೋಗುತ್ತಿದ್ದ ನಾಲ್ಕು ಸಾವಿರವನ್ನು ಇಲ್ಲಿಗೆ ತಿರುಗಿಸಿ ನಡೆಸಿದೆವು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿಯ ಟಿಕೆಟ್ ಖರ್ಚು ಉಳಿಯಿತು, ಅನುಕೂಲವಿದ್ದ ಹತ್ತಾರು ಕುಟುಂಬಗಳು ತಮ್ಮ ಟ್ಯೂಬನ್ನು ತಾವೇ ಕೊಂಡವು. ಆದರೆ ಆಸ್ಪತ್ರೆಗೆ ಬಂದ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ, ಹಾಗಾಗಿ ಉಳಿದವರನ್ನು ಕೇಳುವ ಧೈರ್ಯ ನನಗಿಲ್ಲ.

ಒಂದು ಪೈಸೆಯೂ ಖರ್ಚಿಲ್ಲದ ಬದಲಾವಣೆಯೇ ಅರ್ಧ ಅಳುವನ್ನು ನಿಲ್ಲಿಸಿತು. ಕ್ರಾಸ್‌ಮ್ಯಾಚಿಗೆ ಪ್ರತ್ಯೇಕವಾಗಿ ಚುಚ್ಚುವ ಬದಲು ಬೆಳಿಗ್ಗೆಯೇ ಕ್ಯಾನ್ಯುಲಾ ಹಾಕಿ ಅದರಿಂದಲೇ ಮಾದರಿ ತೆಗೆದು, ಸಲೈನ್ ಬಿಟ್ಟು ಮುಚ್ಚಿಟ್ಟರೆ ರಕ್ತ ಬರುವ ತನಕ ಅದು ಹಾಗೆಯೇ ಉಳಿಯುತ್ತದೆ. ಕಟ್ಟಿಕೊಳ್ಳುತ್ತದೆ ಎಂದು ಎಲ್ಲರೂ ಹೇಳಿದ್ದರು. ಕಟ್ಟಿಕೊಂಡದ್ದು ಹತ್ತರಲ್ಲಿ ಒಂದೂ ಇರಲಾರದು. ಮನಶ್ಶಾಸ್ತ್ರಜ್ಞೆಗೇಕೆ ಈ ಉಸಾಬರಿ ಎಂದವರೂ ಇದ್ದರು. ಒಂದು ಸೂಜಿಯನ್ನು ತಪ್ಪಿಸುವುದಕ್ಕಿಂತ ಒಳ್ಳೆಯ ಭಯ ಚಿಕಿತ್ಸೆ ನನಗಂತೂ ಗೊತ್ತಿಲ್ಲ.

ಹರೆಯದವರಿಗೆ ಈ ಕ್ರಮ ಹೊಂದುವುದಿಲ್ಲ. ಹದಿನಾಲ್ಕರ ಹುಡುಗಿಯೊಬ್ಬಳು ಸೂಜಿ ಕಂಡರೆ ಬೆವರಿ ತಲೆತಿರುಗಿ ಬೀಳುತ್ತಿದ್ದಳು. ಉಸಿರಾಟ ಮಾಡಿಸಿದಷ್ಟೂ ಬೇಗ ಬೀಳುತ್ತಿದ್ದಳು. ರಕ್ತದೊತ್ತಡ ಕುಸಿಯುವವರಿಗೆ ಸಡಿಲಗೊಳ್ಳುವುದನ್ನು ಕಲಿಸಬಾರದು. ವೈದ್ಯರನ್ನು ಕೇಳಿಕೊಂಡು, ತೊಡೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಮುಖ ಬಿಸಿಯಾಗುವ ತನಕ ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು ಬಿಡುವುದನ್ನು, ಸೂಜಿ ಹಾಕುವ ಕೈಯನ್ನು ಮಾತ್ರ ಸಡಿಲವಾಗಿಡುವುದನ್ನು ಅಭ್ಯಾಸ ಮಾಡಿಸಿದೆ. ಮೂರನೆಯ ಭೇಟಿಯಿಂದೀಚೆಗೆ ಬಿದ್ದಿಲ್ಲ. ಇನ್ನೊಂದು ಪಕ್ಕದ ಪ್ರಯೋಗ, ಪದೇ ಪದೇ ರಕ್ತ ಏರಿಸುವುದರಿಂದ ಮೈಯಲ್ಲಿ ಸೇರುವ ಕಬ್ಬಿಣಾಂಶವನ್ನು ಇಳಿಸುವ ಮಾತ್ರೆಯದು. ನೀರಿನಲ್ಲಿ ಕದಡಿ ಕುಡಿಯುವ ಬಗೆಯನ್ನು ಮಕ್ಕಳು ಚರಂಡಿಗೆ ಸುರಿಯುತ್ತಿದ್ದುದು ಮೈಯಲ್ಲಿ ಸೇರಿದ ಕಬ್ಬಿಣಾಂಶವನ್ನು ತೋರಿಸುವ ಫೆರಿಟಿನ್ ವರದಿಯಿಂದಲೇ ತಿಳಿಯುತ್ತಿತ್ತು. ನುಂಗುವ ಬಗೆಗೆ ಬದಲಿಸಬಹುದೆಂದು ವೈದ್ಯರು ಹೇಳಿದವರಿಗೆ ಮೊದಲು ಜೀರಿಗೆ ಪೆಪ್ಪರ್ಮಿಂಟಿನ ಒಂದು ಕಾಳು, ಆಮೇಲೆ ಸ್ವಲ್ಪ ದೊಡ್ಡದು, ಹೀಗೆ ಅಗಿಯದೆ ನುಂಗಲು ಕಲಿಸಿದೆ. ಎಂಟು ವರ್ಷ ದಾಟಿದವರಲ್ಲಿ ಮುಕ್ಕಾಲು ಪಾಲು ಕಲಿತರು. ಆದರೂ ಫೆರಿಟಿನ್ ಇಳಿದದ್ದು ಕೆಲವರಲ್ಲಿ ಮಾತ್ರ, ಏಕೆಂದರೆ ನುಂಗಲು ಬರುವುದು ಬೇರೆ, ದಿನವೂ ನುಂಗುವುದು ಬೇರೆ.

ತಾಯಿಯ ಬಾಯಿಗೆ ಕೆಲಸ ಕೊಟ್ಟರೂ ಆಕೆಯ ಕೈ ನಡುಗುವುದು ನಿಲ್ಲದಿದ್ದರೆ ಕಾರಣ ಮನೆಯಲ್ಲಿರುತ್ತದೆ ಎಂಬುದು ನನಗೆ ನಿಧಾನವಾಗಿ ಅರಿವಾಯಿತು. ‘ನಿನ್ನ ರಕ್ತದಾಗಿನ ದೋಷ’ ಎಂದು ವರ್ಷಗಟ್ಟಲೆ ಕೇಳಿದವಳು ಮಗುವಿನ ಪ್ರತಿ ಸೂಜಿಯನ್ನೂ ತನಗೆ ಕೊಟ್ಟ ಶಿಕ್ಷೆಯೆಂದೇ ನೋಡುತ್ತಾಳೆ. ಇಂಥ ಮನೆಯವರನ್ನು ಒಮ್ಮೆ ಕರೆಸಿ, ರೋಗವಿಲ್ಲದೆಯೂ ಅದರ ವಂಶವಾಹಿ ಹೊತ್ತ ವಾಹಕರೇ ಎಂದು ತಿಳಿಸುವ, ಅಪ್ಪನ ಮತ್ತು ಅವ್ವನ ಎಚ್‌ಬಿಎ2 ವರದಿಗಳೆರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಅಂಕಿ 3.5ಕ್ಕಿಂತ ಮೇಲಿರುವುದನ್ನು ಅತ್ತೆಯ ಕೈಯಿಂದಲೇ ಓದಿಸುತ್ತೇನೆ. ಇಬ್ಬರೂ ವಾಹಕರಾಗದ ಹೊರತು ಮಗುವಿಗೆ ಈ ರೋಗ ಬರುವುದಿಲ್ಲ. ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಿ ಈ ಮಾತು ಬೇಗ ತಲುಪುತ್ತದೆ, ಏಕೆಂದರೆ ಅಲ್ಲಿ ಎರಡೂ ಕಡೆ ಒಂದೇ ಮನೆತನ.

ಸೂಜಿ ಒಳಹೋಗುವ ಮುಂಚಿನ ಹತ್ತು ಸೆಕೆಂಡಿನಲ್ಲಿ ನಾನು ಮಗುವಿನ ಕಿವಿಯಲ್ಲಿ ಹೇಳುವ ಮಾತನ್ನು ಬಂದವರೆಲ್ಲ ಕೇಳುತ್ತಾರೆ. ಬರೆದರೆ ಅದು ಕಂಠಪಾಠವಾಗಿ ಕೆಡುತ್ತದೆ. ಒಂದು ದಿನ ಬಂದು ಬೆಂಚಿನ ಪಕ್ಕ ನಿಂತವರಿಗೆ ತಾನಾಗಿಯೇ ಸಿಗುತ್ತದೆ.

ಒಂದು ಮಗುವಿಗೆ ಹಿಂದೆ ಕಾಲು ಗಂಟೆಗೂ ಮೇಲೆ ಹಿಡಿಯುತ್ತಿದ್ದ ಕೆಲಸ ಈಗ ಐದಾರು ನಿಮಿಷದಲ್ಲಿ ಮುಗಿಯುತ್ತಿದೆ, ಹಿಡಿದುಕೊಳ್ಳಲು ಆಯಾ ಬೇಕಾಗುವುದು ಅಪರೂಪ. ಎರಡು ವರ್ಷದೊಳಗಿನವರಿಗೆ ಗುಳ್ಳೆಯೂ ಇಲ್ಲ, ಮಾತೂ ಇಲ್ಲ; ಅಪ್ಪುಗೆ ಮತ್ತು ವೈದ್ಯರು ಒಪ್ಪಿದಲ್ಲಿ ಮುಲಾಮು, ಇಷ್ಟರಲ್ಲೇ ನಡೆಸುತ್ತಿದ್ದೇವೆ, ಅಳು ಹೆಚ್ಚೇನೂ ಕಡಿಮೆಯಾಗಿಲ್ಲ. ಹದಿನೆಂಟು ತುಂಬಿದವರು ದೊಡ್ಡವರ ವಾರ್ಡಿಗೆ ಹೋಗುತ್ತಾರೆ, ಅಲ್ಲಿ ಕ್ರಾಸ್‌ಮ್ಯಾಚಿಗೆ ಇಂದಿಗೂ ಬೇರೆ ಸೂಜಿ. ಕ್ಯಾನ್ಯುಲಾದಿಂದಲೇ ಮಾದರಿ ತೆಗೆಯುವ ಕ್ರಮವನ್ನು ಅಲ್ಲಿಯೂ ತರಬೇಕೆಂದು ಕೋರಿ ಹೋದ ತಿಂಗಳು ಅರ್ಜಿ ಕೊಟ್ಟಿದ್ದೇನೆ, ಹಿರಿಯ ಸಿಸ್ಟರ್ ಅದಕ್ಕೆ ತಾವೂ ಸಹಿ ಹಾಕಿದ್ದಾರೆ.