ಕವಾಟದ ಆಪರೇಷನ್ ಯಾವಾಗ ಎಂದು ನಾನು ತೀರ್ಮಾನಿಸಿದ ಬಗೆ

ವಿರಾಜಪೇಟೆ ತಾಲ್ಲೂಕಿನಲ್ಲಿ ನಮ್ಮದು ರೋಬಸ್ಟಾ ತೋಟ, ಅದರ ಕೆಳಗೆ ಸ್ವಲ್ಪ ಗದ್ದೆ. ಕೊಡಗಿನ ಅನೇಕ ಬೆಳೆಗಾರರ ಮನೆಗಳಲ್ಲಿರುವಂತೆ ನಮ್ಮಲ್ಲಿಯೂ ಪ್ರತಿದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೆಯ ಒಂದು ಭಾಗ) ಅಳೆದು ಬರೆದಿಡುವ ಪುಸ್ತಕವಿದೆ. ಐವತ್ತೊಂದನೆಯ ವಯಸ್ಸಿನಲ್ಲಿ ನನ್ನ ಹೃದಯದ ಮೈಟ್ರಲ್ ಕವಾಟ ಸೋರುತ್ತಿದೆ ಎಂದು ಗೊತ್ತಾದ ಮೇಲೆ, ಆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಎಕೋ ಪರೀಕ್ಷೆಯ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನ ಅಂಕಿಗಳನ್ನೂ ಬರೆಯತೊಡಗಿದೆ.

ಬೇರೊಂದು ಕಾರಣಕ್ಕೆ ಮಾಡಿಸಿದ ತಪಾಸಣೆಯಲ್ಲಿ ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಮರ್ಮರ ಶಬ್ದ ಕೇಳಿಸಿತ್ತು. ಕವಾಟದ ಹಿಂಭಾಗದ ಎಸಳು ಸಡಿಲಗೊಂಡು ಮೇಲಕ್ಕೆ ಉಬ್ಬುತ್ತಿದ್ದುದರಿಂದ, ಪ್ರತಿ ಬಡಿತದಲ್ಲಿಯೂ ಮುಂದೆ ಹೋಗಬೇಕಾದ ರಕ್ತದ ಒಂದು ಪಾಲು ಹಿಂದಕ್ಕೆ, ಎಡ ಹೃತ್ಕರ್ಣಕ್ಕೆ ಮರಳುತ್ತಿತ್ತು. ನಮ್ಮ ದೇಶದಲ್ಲಿ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಬಹಳ ಮಂದಿ ಇದ್ದಾರೆ. ನನ್ನದು ಆ ಬಗೆಯದಲ್ಲ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಸಡಿಲಗೊಂಡ ಎಸಳನ್ನು ಬಹುತೇಕ ಸಂದರ್ಭಗಳಲ್ಲಿ ಸರಿಪಡಿಸಬಹುದು, ಕವಾಟವನ್ನೇ ಬದಲಿಸಬೇಕಾಗುವುದಿಲ್ಲ.

ಮೊದಲು ನೋಡಿದ ಒಬ್ಬ ವೈದ್ಯರು ಸೋರಿಕೆ ತೀವ್ರವಾಗಿದೆಯೆಂದು ಒಪ್ಪಿದರೂ, "ಏದುಸಿರು ಇಲ್ಲ, ಇ.ಎಫ್. 66 ಇದೆ, ನಾರ್ಮಲ್. ಎರಡು ವರ್ಷ ಬಿಟ್ಟು ಬನ್ನಿ" ಎಂದು ಕಳುಹಿಸಿದರು. ಆ ಮಾತನ್ನು ಪೂರ್ತಿ ನಂಬಿದ್ದರೆ ನಾನು ತಡಮಾಡುತ್ತಿದ್ದೆ. ಮೈಸೂರಿನಲ್ಲಿ ಕಂಡ ಎರಡನೆಯ ಹೃದ್ರೋಗ ತಜ್ಞರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಇ.ಎಫ್. ಎಂದರೆ ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಎಂಬ ಲೆಕ್ಕ. ಅದು ಎಷ್ಟನ್ನು ದೂಡಿತು ಎಂದು ಹೇಳುತ್ತದೆಯೇ ಹೊರತು ಯಾವ ಕಡೆಗೆ ದೂಡಿತು ಎಂದು ಹೇಳುವುದಿಲ್ಲ. ಹಿಂದಕ್ಕೆ ಸೋರುವ ದಾರಿಯಲ್ಲಿ ಒತ್ತಡ ಕಡಿಮೆಯಿರುವುದರಿಂದ, ಸ್ನಾಯು ಸೋಲತೊಡಗಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಬೇರೆಯವರಿಗೆ ಸಹಜವೆನಿಸುವ 60 ಎಂಬ ಅಂಕಿಯೇ ಈ ಕಾಯಿಲೆಯಲ್ಲಿ ಎಚ್ಚರಿಕೆಯ ಗೆರೆ. ಸೋರಿಕೆ ತೀವ್ರವಾಗಿದ್ದು, ಇ.ಎಫ್. 60 ಅಥವಾ ಅದಕ್ಕಿಂತ ಕಡಿಮೆಯಾದರೆ, ಇಲ್ಲವೇ ಹೃತ್ಕುಕ್ಷಿ ಸಂಕುಚಿಸಿದಾಗಲೂ ಅದರ ಅಳತೆ 40 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಏದುಸಿರಿನಂಥ ಲಕ್ಷಣ ಕಾಣಿಸಿಕೊಂಡರೆ ಶಸ್ತ್ರಚಿಕಿತ್ಸೆ ಮಾಡಬೇಕು ಎಂದು ಅಮೆರಿಕದ ಹೃದ್ರೋಗ ಸಂಘಗಳ 2020ರ ಮಾರ್ಗಸೂಚಿ ಹೇಳುತ್ತದೆ. ಅನುಭವಿ ತಂಡವಿದ್ದು, ಕವಾಟ ಸರಿಪಡಿಸುವುದು ಬಹುತೇಕ ಖಚಿತವಾಗಿದ್ದರೆ, ಈ ಗೆರೆ ಮುಟ್ಟುವ ಮೊದಲೇ ಮಾಡುವುದನ್ನೂ ಅದು ಸಮಂಜಸವೆಂದೇ ಪರಿಗಣಿಸುತ್ತದೆ.

ಅಲ್ಲಿಂದ ಆರು ತಿಂಗಳಿಗೊಮ್ಮೆ ಎಕೋ ಮಾಡಿಸಿದೆ. ಇ.ಎಫ್. 66, 65, 63 ಎಂದು ಇಳಿಯಿತು. ಅಳತೆ 35, 36, 38 ಎಂದು ಏರಿತು. ನಡುವೆ ಒಮ್ಮೆ ಅನುಕೂಲಕ್ಕೆಂದು ಬೇರೊಂದು ಊರಿನಲ್ಲಿ ಮಾಡಿಸಿದಾಗ 41 ಎಂದು ಬಂದು, ಮನೆಯವರೆಲ್ಲ ಎರಡು ರಾತ್ರಿ ನಿದ್ದೆಗೆಟ್ಟೆವು. ಮತ್ತೆ ಮೈಸೂರಿನಲ್ಲಿಯೇ ಅಳೆಸಿದಾಗ ಅದು 37 ಇತ್ತು. ಅಳೆಯುವವರು ಬದಲಾದರೆ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಬರುವುದು ಸಾಮಾನ್ಯ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. ಮಳೆಮಾಪಕವನ್ನು ಒಂದು ದಿನ ಅಂಗಳದಲ್ಲಿಯೂ ಮರುದಿನ ಮರದಡಿಯಲ್ಲಿಯೂ ಇಟ್ಟರೆ ಲೆಕ್ಕ ನಿಲ್ಲದು ಎಂಬುದು ನನಗೆ ಹೊಸ ವಿಷಯವಲ್ಲ. ಆ ಬಳಿಕ ಒಂದೇ ಕಡೆ, ಸಾಧ್ಯವಾದಷ್ಟೂ ಒಬ್ಬರೇ ವೈದ್ಯರಿಂದ ಎಕೋ ಮಾಡಿಸಿದೆ.

ಲಕ್ಷಣಗಳ ವಿಷಯದಲ್ಲಿ ನಾನು ನನ್ನನ್ನೇ ತಪ್ಪು ತಿಳಿದಿದ್ದೆ. ವೈದ್ಯರು ಕೇಳಿದಾಗಲೆಲ್ಲ "ಏನೂ ತೊಂದರೆಯಿಲ್ಲ" ಎಂದೇ ಹೇಳುತ್ತಿದ್ದೆ, ಅದು ಸುಳ್ಳೆಂದು ನನಗೆ ಅನಿಸಿಯೂ ಇರಲಿಲ್ಲ. ಜನವರಿಯ ಕಾಫಿ ಕೊಯ್ಲಿನ ಸಮಯದಲ್ಲಿ ನನ್ನ ಹೆಂಡತಿ, "ನೀವು ಈಗ ಗದ್ದೆಗೆ ಇಳಿಯುವುದೇ ಇಲ್ಲ. ಇಳಿದರೂ ಹತ್ತಿ ಬರುವಾಗ ಹಲಸಿನ ಮರದ ಹತ್ತಿರ ಯಾರನ್ನಾದರೂ ಮಾತಿಗೆ ಹಿಡಿದು ನಿಲ್ಲುತ್ತೀರಿ" ಎಂದಳು. ಕೆಲಸವನ್ನೇ ಕಡಿಮೆ ಮಾಡಿಕೊಂಡಿದ್ದುದರಿಂದ ಆಯಾಸ ಕಾಣಿಸದೆ ಹೋಗಿತ್ತು. ಇದನ್ನು ತಿಳಿಸಿದಾಗ ವೈದ್ಯರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರು. ನನ್ನ ವಯಸ್ಸಿನವರು ನಡೆಯಬೇಕಾದಷ್ಟು ಹೊತ್ತು ನನ್ನಿಂದ ನಡೆಯಲಾಗಲಿಲ್ಲ. ಅದೇ ದಿನದ ಎಕೋದಲ್ಲಿ ಇ.ಎಫ್. 61, ಅಳತೆ 39. ಗೆರೆಯನ್ನು ಇನ್ನೂ ಮುಟ್ಟಿಲ್ಲ ಎಂದು ವಾದಿಸಬಹುದಿತ್ತು. ಆದರೆ ಪುಸ್ತಕದಲ್ಲಿ ಅಂಕಿಗಳು ಸಾಗುತ್ತಿದ್ದ ದಿಕ್ಕು ಒಂದೇ ಆಗಿತ್ತು.

ಶಸ್ತ್ರಚಿಕಿತ್ಸಕರನ್ನು ಕಂಡಾಗ, ಇಂಥ ಕವಾಟಗಳನ್ನು ವರ್ಷಕ್ಕೆ ಎಷ್ಟು ಸರಿಪಡಿಸುತ್ತೀರಿ, ನನ್ನದು ಸರಿಪಡಿಸಲಾಗದಿದ್ದರೆ ಏನು ಹಾಕುತ್ತೀರಿ ಎಂದು ನೇರವಾಗಿ ಕೇಳಿದೆ. ಲೋಹದ ಕವಾಟ ಹಾಕಿದರೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐ.ಎನ್.ಆರ್. ಪರೀಕ್ಷೆ ಮಾಡಿಸುತ್ತಿರಬೇಕು. ಮಳೆಗಾಲದಲ್ಲಿ ರಸ್ತೆ ಕುಸಿದು ದಿನಗಟ್ಟಲೆ ಪೇಟೆಯ ಸಂಪರ್ಕ ತಪ್ಪುವುದನ್ನು 2018ರಲ್ಲಿ ಕಂಡ ಜಿಲ್ಲೆಯವನಾಗಿ, ಇದು ನನಗೆ ದೊಡ್ಡ ಚಿಂತೆಯೇ ಆಗಿತ್ತು. ಅದಕ್ಕಾಗಿಯೇ ಮನೆಗೆ ಹತ್ತಿರವಿದ್ದ ಆಸ್ಪತ್ರೆಯನ್ನು ಬಿಟ್ಟು, ಸರಿಪಡಿಸುವುದರಲ್ಲಿ ಹೆಚ್ಚು ಪಳಗಿದ ತಂಡವಿದ್ದ ಕಡೆಗೆ ಹೋದೆ.

ಎದೆಯ ಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು, ಅಷ್ಟು ದಿನ ಭಾರ ಎತ್ತಬಾರದು. ಜೂನ್ ಮಳೆಗೆ ಮುಂಚೆ ಚೇತರಿಸಿಕೊಳ್ಳಬೇಕೆಂದರೆ ಮಾರ್ಚ್ ದಾಟಬಾರದು. ಹೂವಿಗೆ ಸ್ಪ್ರಿಂಕ್ಲರ್ ಹಾಯಿಸುವ ಕಾಲವದು, ವರ್ಷದ ಫಸಲು ಅದರ ಮೇಲೆಯೇ ನಿಂತಿದೆ. ಆದರೂ ಆ ಕೆಲಸವನ್ನು ತಮ್ಮನಿಗೆ ಒಪ್ಪಿಸಿದೆ. ಹಲ್ಲಿನ ಸೋಂಕು ಕವಾಟಕ್ಕೆ ತಗಲುವ ಅಪಾಯವಿರುವುದರಿಂದ, ಹುಳುಕಾಗಿದ್ದ ಎರಡು ಹಲ್ಲುಗಳನ್ನು ಫೆಬ್ರವರಿಯಲ್ಲಿಯೇ ಕೀಳಿಸಿಕೊಂಡೆ.

ಕವಾಟ ಸರಿಯಾಯಿತು, ಅದರ ಸುತ್ತ ಒಂದು ಉಂಗುರ ಕೂರಿಸಿದರು. ವಾರದ ಬಳಿಕದ ಎಕೋದಲ್ಲಿ ಇ.ಎಫ್. 54 ಇತ್ತು. ಸೋರುವ ಸುಲಭದ ದಾರಿ ಮುಚ್ಚಿದ ಕೂಡಲೇ ಸ್ನಾಯುವಿನ ನಿಜವಾದ ಶಕ್ತಿ ಹೊರಬೀಳುತ್ತದೆ ಎಂದು ಮೊದಲೇ ತಿಳಿಸಿದ್ದರಿಂದ ನಾನು ಗಾಬರಿಗೊಳ್ಳಲಿಲ್ಲ. ಇನ್ನೊಂದು ವರ್ಷ ಕಾದಿದ್ದರೆ ಆ ಅಂಕಿ ಎಲ್ಲಿಗೆ ಇಳಿದಿರುತ್ತಿತ್ತು ಎಂದು ಮಾತ್ರ ಯೋಚಿಸಿದೆ. ಮುಂದಿನ ಮಾರ್ಚ್‌ನಲ್ಲಿ ಅದು 59ಕ್ಕೆ ಏರಿತು, ಅಳತೆ 34ಕ್ಕೆ ಇಳಿಯಿತು. ಅದನ್ನು ಬರೆದಿಟ್ಟ ಸಂಜೆ ಗದ್ದೆಗೆ ಇಳಿದು, ಹಲಸಿನ ಮರದ ಬಳಿ ನಿಲ್ಲದೆ ಮನೆಯವರೆಗೆ ಹತ್ತಿ ಬಂದೆ.