ಕಿಸೆ ತಕ್ಕಡಿಯಲ್ಲಿ ಫೆಲ್ಡ್‌ಸ್ಪಾರ್ ವಿಂಗಡಣೆ: ನನ್ನ ಅನುಭವ

ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ತೀರಾ ತೆಳುವಾಗಿ ಉಜ್ಜಿದ ಕಲ್ಲಿನ ಹಾಳೆ) ಬೇಕು, ಇಲ್ಲವೇ ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಹರಳಿನ ರಚನೆ ಗುರುತಿಸುವ ಪರೀಕ್ಷೆ) ಬೇಕು. ಅವೆರಡೂ ಇಲ್ಲದೆ, ಗ್ರಾನೈಟಿನಂಥ ಕಲ್ಲುಗಳಲ್ಲಿ ಧಾರಾಳವಾಗಿರುವ ಖನಿಜವಾದ ಫೆಲ್ಡ್‌ಸ್ಪಾರ್‌ನ ಜಾತಿ ಹೇಳಲಿಕ್ಕೆ ಸಾಧ್ಯವೇ ಇಲ್ಲ ಎಂದು ಕಲ್ಲು ಸಂಗ್ರಹಿಸುವ ಬಳಗದಲ್ಲಿ ಹಲವರು ನನಗೆ ಹೇಳಿದ್ದರು. ಮೂರು ಸಾವಿರ ರೂಪಾಯಿಯೊಳಗಿನ ಸಾಮಾನಿನಲ್ಲಿ ಆ ಕೆಲಸ ಈಗ ನಡೆಯುತ್ತಿದೆ. ಕಾರ್ಕಳ ಕಡೆಯ ಕೋರೆಗಳ ತುಂಡುಗಳನ್ನು ತಕ್ಕಡಿಯಲ್ಲಿ ವಿಂಗಡಿಸಿ, ಅವುಗಳಲ್ಲಿ ಕೆಲವನ್ನು ಕಾಲೇಜಿನ ಲ್ಯಾಬೊಂದರಲ್ಲಿ ಕೋಬಾಲ್ಟಿನೈಟ್ರೈಟ್ ಬಣ್ಣ ಹಾಕಿಸಿ ನೋಡಿದ್ದಾಯಿತು. ನಾನು ಪೊಟ್ಯಾಶಿಯಂ ಎಂದು ಗುರುತು ಹಾಕಿದ್ದೆಲ್ಲ ಹಳದಿಯಾಯಿತು, ಪ್ಲೇಜಿಯೋಕ್ಲೇಸ್ (ಸೋಡಿಯಂ-ಕ್ಯಾಲ್ಸಿಯಂ ಫೆಲ್ಡ್‌ಸ್ಪಾರ್) ಎಂದದ್ದು ಬಿಳಿಯಾಗಿಯೇ ಉಳಿಯಿತು. ಆ ಬಣ್ಣದ ಪರೀಕ್ಷೆಯನ್ನು ಮನೆಯಲ್ಲಿ ಮಾತ್ರ ಮಾಡಬೇಡಿ. ಅದಕ್ಕೆ ಮೊದಲು ಕಲ್ಲಿನ ಮೈಯನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಸವೆಸಬೇಕು. ಆ ಆಮ್ಲ ಚರ್ಮದೊಳಗೆ ಇಳಿದು ರಕ್ತದ ಕ್ಯಾಲ್ಸಿಯಂ ಅನ್ನೇ ಹಿಡಿದುಬಿಡುತ್ತದೆ. ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು), ಆ ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ಪಕ್ಕದಲ್ಲಿ ಅನುಭವಸ್ಥರು, ಇಷ್ಟೂ ಇದ್ದಲ್ಲಿ ಮಾತ್ರ ಆ ಕೆಲಸ.

ತಕ್ಕಡಿ ಕೆಲಸ ನಿಂತಿರುವುದು ಒಂದೇ ಸಂಗತಿಯ ಮೇಲೆ. ಫೆಲ್ಡ್‌ಸ್ಪಾರ್ ಎಲ್ಲದಕ್ಕೂ ಸಿಲಿಕಾನ್-ಅಲ್ಯೂಮಿನಿಯಂ-ಆಮ್ಲಜನಕದ ಪಂಜರ ಒಂದೇ ಬಗೆಯದು, ಒಳಗೆ ಕೂತ ಅಯಾನು ಬೇರೆ. ಪೊಟ್ಯಾಶಿಯಂ ದೊಡ್ಡ ಅಯಾನು, ಪಂಜರವನ್ನು ಉಬ್ಬಿಸುತ್ತದೆ. ಹಾಗಾಗಿ ಸೋಡಿಯಂಗಿಂತ ಭಾರದ್ದಾದರೂ ಅದರ ಖನಿಜ ಹಗುರ, ಸಾಂದ್ರತೆ ಘನ ಸೆಂಟಿಮೀಟರ್‌ಗೆ 2.55ರಿಂದ 2.57 ಗ್ರಾಂ. ಸೋಡಿಯಂನ ಆಲ್ಬೈಟ್ 2.62. ಕ್ಯಾಲ್ಸಿಯಂ ಗಾತ್ರದಲ್ಲಿ ಸೋಡಿಯಂನಷ್ಟೇ ಇದ್ದು ತೂಕ ಜಾಸ್ತಿ, ಆದ್ದರಿಂದ ಕ್ಯಾಲ್ಸಿಯಂನ ಅನಾರ್ಥೈಟ್ 2.76ರವರೆಗೆ ಏರುತ್ತದೆ. ನಡುವಿನ ಆಲಿಗೋಕ್ಲೇಸ್, ಆಂಡೆಸಿನ್, ಲ್ಯಾಬ್ರಡೊರೈಟ್, ಬೈಟೌನೈಟ್ ಎಲ್ಲ ಇದೇ ಏಣಿಯ ಮೆಟ್ಟಿಲುಗಳು. ಆಲ್ಬೈಟ್‌ನಿಂದ ಅನಾರ್ಥೈಟ್‌ವರೆಗೆ ಏಣಿಯ ಒಟ್ಟು ಉದ್ದ 0.14 ಮಾತ್ರ. ಹತ್ತು ಮಿಲಿಗ್ರಾಂವರೆಗೆ ತೋರಿಸುವ ಅಕ್ಕಸಾಲಿ ತಕ್ಕಡಿ ಇಲ್ಲಿ ಸಾಲದು. ಐದು ಗ್ರಾಂ ತುಂಡಿಗೆ ಅದರ ತಪ್ಪೇ 0.013ರಷ್ಟು ಬರುತ್ತದೆ, ಅಂದರೆ ಏಣಿಯ ಹತ್ತನೇ ಒಂದು ಭಾಗ. ಒಂದು ಮಿಲಿಗ್ರಾಂ ತೋರಿಸುವ, 50 ಗ್ರಾಂ ಹೊರುವ ಕಿಸೆ ತಕ್ಕಡಿ ಬೇಕು. ನನ್ನದಕ್ಕೆ ಸಾವಿರದ ಎಂಟುನೂರರ ಆಸುಪಾಸು ಬಿತ್ತು. ಹತ್ತು ಪಟ್ಟಿನ ಲೆನ್ಸ್‌ಗೆ ನಾನೂರು. ಉಳಿದದ್ದೆಲ್ಲ ಚಿಲ್ಲರೆ. ಎಕ್ಸ್‌ಆರ್‌ಡಿಗೆ ಒಂದೊಂದು ಮಾದರಿಗೂ ಸಾವಿರದ ಹತ್ತಿರ ಕೇಳುತ್ತಾರೆ, ವರದಿಗೆ ವಾರಗಟ್ಟಲೆ ಕಾಯಬೇಕು.

ಕಿಸೆ ತಕ್ಕಡಿಗೆ ಅಡಿಯಲ್ಲಿ ಕೊಕ್ಕೆ ಇರುವುದಿಲ್ಲ, ಕಲ್ಲನ್ನು ನೀರೊಳಗೆ ತೂಗುವುದು ಹೇಗೆ ಎಂಬುದು ಎಲ್ಲರ ಪ್ರಶ್ನೆ. ಕಲ್ಲನ್ನು ತೂಗುವುದು ಬೇಡ, ನೀರನ್ನು ತೂಗಿ. ತಟ್ಟೆಯ ಮೇಲೆ ಸುಮಾರು 30 ಮಿ.ಲೀ. ನೀರಿನ ಹಗುರ ಪ್ಲಾಸ್ಟಿಕ್ ಕಪ್ ಇಡಿ. ಎರಡು ಡಬ್ಬಗಳ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು, ಅದರಿಂದ ಗಾಳ ಹಾಕುವ ತೆಳು ನೈಲಾನ್ ದಾರದ ಕುಣಿಕೆ ಇಳಿಬಿಡಿ. ಡಬ್ಬ, ಸ್ಕೇಲ್ ಯಾವುದೂ ತಕ್ಕಡಿಗೆ ತಾಗಬಾರದು. ಬರಿ ಕುಣಿಕೆಯನ್ನು ನೀರಲ್ಲಿ ಮುಳುಗಿಸಿ ಸೊನ್ನೆ ಮಾಡಿ. ಆಮೇಲೆ ತುಂಡನ್ನು ಕುಣಿಕೆಗೆ ಸಿಕ್ಕಿಸಿ, ತಳಕ್ಕೂ ಗೋಡೆಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸುವುದು ತುಂಡು ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ, ನೀರಿನ ಸಾಂದ್ರತೆಯಿಂದ ಗುಣಿಸಿದರೆ ಮುಗಿಯಿತು.

ಆ ಕೊನೆಯ ಗುಣಾಕಾರವನ್ನು ಬಿಟ್ಟವರೇ ಹೆಚ್ಚು. ಮಂಗಳೂರಿನ ಕೋಣೆಯಲ್ಲಿ ನೀರು 30 ಡಿಗ್ರಿ ಸುಲಭವಾಗಿ ಇರುತ್ತದೆ, ಆಗ ಅದರ ಸಾಂದ್ರತೆ 0.9957. ಒಂದು ಬಿಳಿ ತುಂಡು ಒಣಗಿದ್ದಾಗ 5.380 ಗ್ರಾಂ, ಸರಿಸಿದ ನೀರು 2.023 ಗ್ರಾಂ. ಭಾಗಿಸಿದರೆ 2.659, ತಿದ್ದಿದರೆ 2.648. ಮೊದಲನೆಯದನ್ನು ನಂಬಿದರೆ ಅನಾರ್ಥೈಟ್ ಪಾಲು ನೂರಕ್ಕೆ 28, ಆಂಡೆಸಿನ್‌ನ ಹೊಸ್ತಿಲು. ಎರಡನೆಯದು 20, ನಟ್ಟನಡು ಆಲಿಗೋಕ್ಲೇಸ್. ಗುಲಾಬಿ ತುಂಡೊಂದು 6.412ಕ್ಕೆ 2.494 ಕೊಟ್ಟಿತು, ತಿದ್ದಿದ ಮೇಲೆ 2.56. ಅದು ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್, ಅನುಮಾನವೇ ಬೇಡ.

ಕೆಡುವುದು ಎಲ್ಲಿ? ಮೊದಲು ಗಾಳಿಗುಳ್ಳೆ. ಸೀಳಿನ ಸಂದಿಯಲ್ಲಿ ಕಣ್ಣಿಗೆ ಕಾಣದ ಗುಳ್ಳೆ ಕೂತರೆ ಕಲ್ಲು ಹಗುರವಾಗಿ ತೋರುತ್ತದೆ, ಆಲ್ಬೈಟ್ ಹೋಗಿ ಪೊಟ್ಯಾಶಿಯಂ ಕಡೆ ವಾಲುತ್ತದೆ. ತುಂಡನ್ನು ಹತ್ತು ನಿಮಿಷ ನೀರಲ್ಲಿ ಕುದಿಸಿ, ಅದೇ ನೀರಲ್ಲಿ ತಣಿಸಿ, ಆಮೇಲೆ ಕಪ್‌ಗೆ ಹಾಕಿ. ಕಪ್‌ನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಸಣ್ಣ ಹನಿ ಸಾಕು, ದಾರದ ಬುಡದಲ್ಲಿ ನೀರು ಏರಿ ಎಳೆಯುವುದೂ ನಿಲ್ಲುತ್ತದೆ. ಬೋರ್‌ವೆಲ್ ನೀರು ಬೇಡ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ.

ಎರಡನೆಯದು ಆವಿ. ಕಪ್‌ನಿಂದ ನಿಮಿಷಕ್ಕೆ ಎರಡು ಮೂರು ಮಿಲಿಗ್ರಾಂ ನೀರು ಹಾರಿಹೋಗುತ್ತದೆ, ಫ್ಯಾನ್ ಹಾಕಿದ್ದರೆ ಇನ್ನೂ ಜಾಸ್ತಿ. ಇಪ್ಪತ್ತು ಸೆಕೆಂಡಿನೊಳಗೆ ಅಂಕಿ ಬರೆದುಕೊಂಡು, ತುಂಡು ತೆಗೆದು ಸೊನ್ನೆ ಎಷ್ಟು ಜಾರಿದೆ ನೋಡಿ, ಜಾರಿದ್ದರಲ್ಲಿ ಅರ್ಧ ಸೇರಿಸಿ. ಮಳೆಗಾಲದಲ್ಲಿ ಈ ಕಾಟ ಕಡಿಮೆ, ಜೂನ್-ಜುಲೈಯಲ್ಲಿ ತೆಗೆದ ಅಂಕಿಗಳೇ ನನ್ನಲ್ಲಿ ಅತ್ಯಂತ ನೆಟ್ಟಗಿರುವುದು. ಅಂಕಿ ಆವಿಯ ಲೆಕ್ಕಕ್ಕಿಂತ ವೇಗವಾಗಿ ಇಳಿಯುತ್ತಲೇ ಹೋದರೆ ತುಂಡಿನ ರಂಧ್ರಗಳಿಗೆ ನೀರು ಇಳಿಯುತ್ತಿದೆ ಎಂದೇ ಅರ್ಥ. ಅದು ಶಿಥಿಲಗೊಂಡ ಕಲ್ಲು, ಎಸೆಯಿರಿ.

ಪ್ರತಿ ಸಲ ಕೂರುವಾಗ ಮೊದಲು ಒಂದು ತಿಳಿ ಸ್ಫಟಿಕದ (ಕ್ವಾರ್ಟ್ಜ್) ತುಂಡನ್ನು ತೂಗುತ್ತೇನೆ. ಸ್ಫಟಿಕ ಎಲ್ಲಿಯದಾದರೂ 2.65. ಆ ಅಂಕಿ ಬಂದರೆ ನೀರು, ದಾರ, ತಕ್ಕಡಿ ಮೂರೂ ಸರಿ. ಆಲಿಗೋಕ್ಲೇಸ್ ಕೂಡ 2.65ರ ಬಳಿಯೇ ಬರುವುದರಿಂದ ಗೊಂದಲ ಬೇಡ: ಸ್ಫಟಿಕಕ್ಕೆ ಸೀಳು (ಒಡೆದಾಗ ಬರುವ ಸಪಾಟು ಮುಖ) ಇಲ್ಲ, ಫೆಲ್ಡ್‌ಸ್ಪಾರ್‌ಗೆ ಹೆಚ್ಚುಕಡಿಮೆ ಲಂಬವಾಗಿ ಕೂಡುವ ಎರಡು ಸೀಳುಗಳಿವೆ.

ತುಂಡಿನ ಆಯ್ಕೆಯೇ ಅರ್ಧ ಕೆಲಸ. ಕೋರೆಯವರ ಒಪ್ಪಿಗೆ ಕೇಳಿ, ಪೆಗ್ಮಟೈಟ್ (ದೊಡ್ಡ ಹರಳುಗಳ ಗ್ರಾನೈಟ್ ಬಗೆಯ ಕಲ್ಲು) ಎಳೆಗಳಿಂದ ಮೂರರಿಂದ ಎಂಟು ಗ್ರಾಂನ, ಹೊಳೆಯುವ ಸೀಳುಮುಖದ ತುಂಡು ಆರಿಸಿ. ಬಣ್ಣ ನಂಬಬೇಡಿ, ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್‌ನದೇ ಬಗೆಯಾದ ಮೈಕ್ರೋಕ್ಲೈನ್ ಬಿಳಿಯದೂ ಧಾರಾಳ ಸಿಗುತ್ತದೆ. ಬೆಳಗಿನ ಬಿಸಿಲಲ್ಲಿ ತಿರುಗಿಸುತ್ತಾ ಲೆನ್ಸ್‌ನಲ್ಲಿ ನೋಡಿ: ಸೀಳುಮುಖದ ಮೇಲೆ ರೂಲು ಎಳೆದಂಥ ಸಮಾನಾಂತರ ಗೆರೆ ಇದ್ದರೆ ಅವಳಿ ಹರಳಿನ ಪ್ಲೇಜಿಯೋಕ್ಲೇಸ್. ಗೆರೆ ಇಲ್ಲದಿದ್ದರೆ ಏನನ್ನೂ ತೀರ್ಮಾನಿಸಬೇಡಿ. ಗೆರೆ ಅಂಕುಡೊಂಕಾಗಿ, ದಪ್ಪ ತೆಳುವಾಗಿ ಹರಿದಿದ್ದರೆ ಪರ್ಥೈಟ್. ಬಿಸಿಯಲ್ಲಿ ಒಂದಾಗಿದ್ದ ಪೊಟ್ಯಾಶಿಯಂ-ಸೋಡಿಯಂ ಹರಳು ನಿಧಾನವಾಗಿ ತಣಿಯುವಾಗ ಬೇರ್ಪಟ್ಟು ಹೆಣೆದುಕೊಂಡದ್ದು ಅದು. ತಕ್ಕಡಿಯಲ್ಲಿ 2.58, 2.59 ಎಂದು ಏಣಿಯಲ್ಲೇ ಇಲ್ಲದ ಅಂಕಿ ಬಂದರೆ ಪರ್ಥೈಟ್ ಇರಬಹುದೆಂದು ಮೊದಲು ನೋಡಿ. ಅಂಥ ತುಂಡಿನಲ್ಲಿ ಸೋಡಿಯಂ ಪಾಲನ್ನು ಅಂದಾಜಿಸಲು ನಾನೊಂದು ದಾರಿ ಕಂಡುಕೊಂಡಿದ್ದೇನೆ, ಇನ್ನಷ್ಟು ಮಾದರಿಗಳಲ್ಲಿ ಹೊಂದಿದ ಮೇಲೆಯೇ ಬರೆಯುವುದು.

ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್ ಆರ್ಥೋಕ್ಲೇಸೋ ಮೈಕ್ರೋಕ್ಲೈನೋ ಎಂದು ತಕ್ಕಡಿ ಹೇಳದು. ಎರಡರ ರಾಸಾಯನಿಕ ಸೂತ್ರ ಒಂದೇ, ಪಂಜರದಲ್ಲಿ ಅಲ್ಯೂಮಿನಿಯಂ ಎಷ್ಟು ಕ್ರಮವಾಗಿ ಕೂತಿದೆ ಎಂಬುದಷ್ಟೇ ವ್ಯತ್ಯಾಸ. ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳಿಗೂ ಈ ವಿಧಾನ ಹೊಂದದು. ಲಾವಾ ಬೇಗ ತಣಿದದ್ದರಿಂದ ಹರಳು ತೀರಾ ಸಣ್ಣ. ಮೇಲಾಗಿ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿಂದ ಚೂರು ಕಲ್ಲನ್ನೂ ತರಬೇಡಿ.

ತುಂಡುಗಳ ಬದಲು ಮರಳಿನ ಕಣಗಳನ್ನು ವಿಂಗಡಿಸಲೆಂದು, ನೀರಿಗಿಂತ ಬಹಳ ಭಾರದ ಸೋಡಿಯಂ ಪಾಲಿಟಂಗ್‌ಸ್ಟೇಟ್ ದ್ರಾವಣವನ್ನೂ ಪ್ರಯತ್ನಿಸಿದ್ದುಂಟು. ಅದರ ಸಾಂದ್ರತೆಯನ್ನು 2.60ಕ್ಕೆ ಹೊಂದಿಸಿದರೆ ಪೊಟ್ಯಾಶಿಯಂ ಕಣಗಳು ತೇಲಿ, ಸ್ಫಟಿಕವೂ ಪ್ಲೇಜಿಯೋಕ್ಲೇಸೂ ಮುಳುಗುತ್ತವೆ. ನೋಡಲು ಬಲು ಚೆಂದ, ಆದರೆ ಪುಡಿಯ ಬೆಲೆ ಕಿಸೆ ಸುಡುತ್ತದೆ. ಸೋಸಿ, ಇಂಗಿಸಿ ಮತ್ತೆ ಬಳಸಬಹುದು; ಗಡಸು ನೀರು ತಾಗಿದರೆ ಮಾತ್ರ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಆಗಿ ಗಟ್ಟಿ ಕೂರುತ್ತದೆ, ದುಡ್ಡು ಹೋದಂತೆಯೇ.

ಖರ್ಚೇ ಇಲ್ಲದ ಇನ್ನೊಂದು ಪರೀಕ್ಷೆ ಕೆಂಪುಕಲ್ಲು ಕೋರೆಯ ತಳದಲ್ಲಿದೆ. ಅಲ್ಲಿ ಶೇಡಿ ಮಣ್ಣು (ಕೆಂಪುಕಲ್ಲಿನಡಿಯ ಮೆತ್ತನೆಯ ಜೇಡಿ) ಮುಗಿದು ಗಟ್ಟಿ ಕಲ್ಲು ಶುರುವಾಗುವ ಪಟ್ಟಿಯನ್ನು ಮೊಳೆಯಿಂದ ಗೀರಿ. ಪ್ಲೇಜಿಯೋಕ್ಲೇಸ್ ಮೊದಲು ಕೊಳೆತು ಕೇಯೋಲಿನ್ ಎಂಬ ಬಿಳಿ ಜೇಡಿಯಾಗಿರುತ್ತದೆ, ಮೊಳೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಪಕ್ಕದ ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್ ಇನ್ನೂ ಮೊಳೆಗೆ ಬಗ್ಗದೆ ನಿಂತಿರುತ್ತದೆ. ಅಂಥ ಪಟ್ಟಿಯ ಕೆಳಗಿನ ತಾಜಾ ಕಲ್ಲನ್ನು ತಂದು, ಎರಡೂ ಫೆಲ್ಡ್‌ಸ್ಪಾರ್‌ಗಳನ್ನು ಬಿಡಿಸಿ ಬೇರೆ ಬೇರೆ ತೂಗಿದರೆ ಎರಡೂ ಅಂಕಿಗಳು ಸಿಗುತ್ತವೆ.